ವಾಯುಗಳ ಬಣ್ಣವೂ ಗುಣವೂ

ಪ್ರೌಢಶಾಲೆಯ ರಸಾಯನಶಾಸ್ತ್ರದ ತರಗತಿಯಲ್ಲಿ ವಾಯುಗಳ ಪಾಠವು ಬಂದಾಗ ಬಾಯಿಪಾಠ ಮಾಡಿದ ಕೆಲವು ಮಾತುಗಳನ್ನು ನಮ್ಮ ಸೋದರಿಯರು ಇಂದಿಗೂ ಮರೆತಿರಲಾರರು. ಆಮ್ಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಜಲಜನಕವೂ ಹಾಗೆಯೇ, ಕ್ಲೋರಿನ್ನು ಹಸುರು ಬೆರೆತ ಹಳದಿ, ಅಮೋನಿಯವು ಮೂಗಿಗೆ ಅಡರುವ ಘಾಟುಳ್ಳದ್ದು. ಒಂದೊಂದು ಗುಣಕ್ಕೆ ಅರ್ಧರ್ಧ ಅಂಕವು ದೊರೆತೊಡನೆ ಆ ಪಾಠವು ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಅದೇ ಪಟ್ಟಿಯನ್ನು ಪುಸ್ತಕದಿಂದ ಎತ್ತಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ಒಂದು ಮನೆಯ ಅಂಗಳದಲ್ಲಿಯೂ ಬಚ್ಚಲಿನಲ್ಲಿಯೂ ಬಾಣಂತಿಯ ಕೋಣೆಯಲ್ಲಿಯೂ ಇಟ್ಟು ನೋಡಿದರೆ, ಬಣ್ಣವಿಲ್ಲ, ವಾಸನೆಯಿಲ್ಲ ಎಂಬ ಎರಡು ಮಾತುಗಳೇ ಅದರಲ್ಲಿ ಎಲ್ಲಕ್ಕಿಂತಲೂ ಭಯಂಕರವಾದುವೆಂದು ತಿಳಿಯುವುದು. ಕಣ್ಣಿಗೆ ಕಾಣುವ ವಾಯುವು ಶತ್ರುವಾದರೂ ಮುಂದಿನಿಂದ ಬರುವ ಶತ್ರು. ಕಾಣದುದು, ಮೂಗಿಗೂ ತಿಳಿಯದುದು, ನಾವು ನಿದ್ರಿಸುವ ಕೋಣೆಯಲ್ಲಿಯೇ ಮನೆ ಮಾಡಿಕೊಂಡಿರಬಹುದು.

ಮೊದಲು ಬಣ್ಣದ ವಿಷಯ. ಬಿಳಿಯ ಬೆಳಕಿನಲ್ಲಿ ಹಲವು ಬಣ್ಣಗಳು ಅಡಗಿರುವುದನ್ನು ಕಾಮನಬಿಲ್ಲು ತೋರಿಸಿಕೊಡುವುದಷ್ಟೆ. ಯಾವ ವಸ್ತುವು ಈ ಬಣ್ಣಗಳಲ್ಲಿ ಕೆಲವನ್ನು ಹೀರಿಕೊಂಡು ಮಿಕ್ಕವನ್ನು ಬಿಟ್ಟುಕೊಡುವುದೋ, ಅದು ಆ ಮಿಕ್ಕ ಬಣ್ಣದ್ದಾಗಿ ನಮಗೆ ತೋರುವುದು. ವಾಯುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣತಕ್ಕ ಬೆಳಕನ್ನು ಹೀರುವುದೇ ಇಲ್ಲ. ಅವು ಹೀರತಕ್ಕವು ನೇರಳೆಯ ಆಚೆಗೂ ಕೆಂಪಿನ ಆಚೆಗೂ ಇರುವ, ನಮ್ಮ ಕಣ್ಣಿಗೆ ಎಟುಕದ ಕಿರಣಗಳನ್ನು. ಆದುದರಿಂದಲೇ ನಾವು ಉಸಿರಾಡುವ ಗಾಳಿಯ ಮೂಲಕ ದೂರದ ಬೆಟ್ಟವನ್ನು ನೋಡಬಲ್ಲೆವು. ಬಣ್ಣವುಳ್ಳ ವಾಯುಗಳನ್ನು ಬೆರಳುಗಳ ಮೇಲೆಯೇ ಎಣಿಸಬಹುದು: ಹಸುರು-ಹಳದಿಯ ಕ್ಲೋರಿನ್ನು, ಕೆಂಗಂದಿನ ನೈಟ್ರೋಜನ್ ಡೈಆಕ್ಸೈಡು, ಅದೇ ಬಗೆಯ ಬಣ್ಣದ ಬ್ರೋಮಿನ್ನಿನ ಆವಿ, ಬಹು ಚೆಲುವಾದ ನೇರಳೆ ಬಣ್ಣದ ಅಯೊಡಿನ್ನಿನ ಆವಿ, ತೆಳುಹಳದಿಯ ಫ್ಲೋರಿನ್ನು. ಆಮ್ಲಜನಕವನ್ನು ಸೊನ್ನೆಗಿಂತ ೧೮೩ ಡಿಗ್ರಿ ಕೆಳಗೆ ತಣಿಸಿ ದ್ರವ ಮಾಡಿದರೆ ಅದಕ್ಕೂ ತಿಳಿನೀಲಿಯ ಛಾಯೆಯು ಬರುವುದು. ಆದರೆ ಅದು ಮನೆಯಲ್ಲಿ ಕಾಣತಕ್ಕ ಸಂಗತಿಯಲ್ಲ.

ಇವುಗಳಲ್ಲಿ ನಮ್ಮ ಮನೆಗಳಿಗೆ ನೆಂಟನಾದುದು ಕ್ಲೋರಿನ್ನು. ಸ್ವೀಡನ್ ದೇಶದ ಶೀಲೆ ಎಂಬ ಔಷಧ ವ್ಯಾಪಾರಿಯು ೧೭೭೪ರಲ್ಲಿ ಇದನ್ನು ತಯಾರಿಸಿದನು; ಇದು ಮೂಲವಸ್ತುವೆಂದು ತೀರ್ಮಾನಿಸಿ, ಗ್ರೀಕ್ ಭಾಷೆಯಲ್ಲಿ ಎಳೆಹಸುರನ್ನು ಸೂಚಿಸುವ ಮಾತಿನಿಂದ ಹೆಸರಿಟ್ಟವನು ಇಂಗ್ಲೆಂಡಿನ ಡೇವಿ, ೧೮೧೦ರಲ್ಲಿ. ಗಾಳಿಗಿಂತ ಸುಮಾರು ಎರಡೂವರೆಯಷ್ಟು ಭಾರವಾದ ಈ ವಾಯುವು ನೆಲವನ್ನು ಹಿಡಿದು ಹರಿಯುವುದು. ಒಂದನೆಯ ಮಹಾಯುದ್ಧದಲ್ಲಿ, ೧೯೧೫ರ ಏಪ್ರಿಲ್ ೨೨ರ ಸಂಜೆ, ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನರು ಇದನ್ನು ಗಾಳಿಗೆ ಬಿಟ್ಟಾಗ ಹಳದಿ-ಹಸುರು ಮೋಡವೊಂದು ಮೆಲ್ಲನೆ ಉರುಳಿಬಂದು ಸೈನಿಕರು ಅಡಗಿದ್ದ ಕಂದಕಗಳಿಗೆ ಇಳಿಯಿತು. ಅದೇ ವಾಯುವು ಕೊಂಚವೇ ಕೊಂಚ ಪ್ರಮಾಣದಲ್ಲಿ ನಲ್ಲಿಯ ನೀರಿನಲ್ಲಿಯೂ, ಬ್ಲೀಚಿಂಗ್ ಪುಡಿಯ ಮೂಲಕ ಊರಬಾವಿಯಲ್ಲಿಯೂ ಸೇರಿ, ವಾಂತಿಭೇದಿಯ ಕ್ರಿಮಿಗಳನ್ನು ಕೊಂದು ನಮ್ಮ ಮಕ್ಕಳನ್ನು ಉಳಿಸುತ್ತಿದೆ. ಗೃಹಿಣಿಯರು ನೆನಪಿನಲ್ಲಿಡತಕ್ಕದ್ದೊಂದುಂಟು. ಬ್ಲೀಚಿಂಗ್ ಪುಡಿಯನ್ನು ಎರಚಿದ ಬಚ್ಚಲು ಕಕ್ಕಸುಗಳ ಮೇಲೆ, ಇನ್ನೂ ಬೆಳ್ಳಗಾಗಲೆಂದು, ಶೌಚಾಲಯ ತೊಳೆಯುವ ಆಮ್ಲವನ್ನು ಸುರಿಯಕೂಡದು. ಎರಡೂ ಕೂಡಿದ ಕ್ಷಣವೇ ಪುಡಿಯೊಳಗಿನ ಕ್ಲೋರಿನ್ನು ಹೊರಬೀಳುವುದು. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಬಗ್ಗಿ ಕುಳಿತು ಉಜ್ಜುವವಳ ಮುಖವು, ಆ ಭಾರದ ವಾಯುವು ಮೊದಲು ನಿಲ್ಲುವ ಎತ್ತರದಲ್ಲಿಯೇ ಇರುವುದಲ್ಲವೇ! ಕೆಮ್ಮು ಹತ್ತಿದೊಡನೆ ಕೆಲಸವನ್ನು ಬಿಟ್ಟು ಎದ್ದು ಹೊರಗೆ ಬರಬೇಕು. ಮುಗಿಸಿಯೇ ಏಳುವೆನೆಂಬ ಹಟವು ಇಲ್ಲಿ ಸಲ್ಲದು.

ಕೆಂಗಂದಿನ ನೈಟ್ರೋಜನ್ ಡೈಆಕ್ಸೈಡನ್ನು ನೋಡಬೇಕೆಂದರೆ ಅಕ್ಕಸಾಲಿಗನ ಬಳಿಗೆ ಹೋಗಬೇಕು. ಬೆಳ್ಳಿಯನ್ನೋ ತಾಮ್ರ ಬೆರೆತ ಚಿನ್ನವನ್ನೋ ಪ್ರಬಲವಾದ ನೈಟ್ರಿಕ್ ಆಮ್ಲದಲ್ಲಿ ಹಾಕಿದಾಗ ಬಟ್ಟಲಿನಿಂದ ಏಳುವ ಕಂದು ಹೊಗೆಯೇ ಅದು. ಇದನ್ನು ಉಸಿರಾಡಿದವನಿಗೆ ಆಗ ಅಷ್ಟೇನೂ ತೋಚದೆ, ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೆ ಅಪಾಯ ಬರುವುದುಂಟು. ಒಂದು ಕುತೂಹಲದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಹಾಸನದಲ್ಲಿ ೧೯೮೨ರಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರದಿಂದ ನಡೆಸಲ್ಪಡುವ ಉಪಗ್ರಹಗಳಲ್ಲಿ ಬಹುಪಾಲು, ಆಕಾಶದಲ್ಲಿ ತಮ್ಮ ಸ್ಥಾನವನ್ನು ಸರಿಪಡಿಸಿಕೊಳ್ಳುವುದಕ್ಕಾಗಿ, ಇಂಧನದ ಜೊತೆಗೆ ಒಯ್ಯತಕ್ಕದ್ದು ಇದೇ ಕುಲದ ನೈಟ್ರೋಜನ್ ಆಕ್ಸೈಡನ್ನು. ಅಕ್ಕಸಾಲಿಗನ ಬಟ್ಟಲಿನ ಹೊಗೆಯ ಬಂಧುವು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಉರಿಗೆ ಆಧಾರವಾಗಿ ನಿಂತಿದೆ.

ಬಣ್ಣವಿಲ್ಲದೆ ವಾಸನೆಯುಳ್ಳ ವಾಯುಗಳು ಎರಡನೆಯ ವರ್ಗ. ಬೆಂಕಿಕಡ್ಡಿಯನ್ನು ಗೀರಿದ ಕ್ಷಣದಲ್ಲಿ ಮೂಗಿಗೆ ಚುರುಕೆನ್ನುವುದು ಗಂಧಕದ ಡೈಆಕ್ಸೈಡು. ಇದಕ್ಕೆ ತನ್ನದೇ ಬಣ್ಣವಿಲ್ಲದಿದ್ದರೂ ಪರರ ಬಣ್ಣವನ್ನು ಕಳೆಯುವ ಸ್ವಭಾವವುಂಟು; ಒದ್ದೆಯಾದ ಕೆಂಪು ಹೂವನ್ನು ಇದರಲ್ಲಿ ಹಿಡಿದರೆ ಬಿಳುಚಿಕೊಳ್ಳುವುದು. ನಮ್ಮ ದೇಶದ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣವನ್ನೂ ಗಂಧಕವನ್ನು ಸುಟ್ಟ ಈ ವಾಯುವನ್ನೂ ಸೇರಿಸಿಯೇ ಬಹುಪಾಲು ಬಿಳಿಯ ಸಕ್ಕರೆಯನ್ನು ತಯಾರಿಸುವರು. ಚನ್ನರಾಯಪಟ್ಟಣದ ಕಡೆಯ ಕಬ್ಬಿನ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಆಲೆಮನೆಗಳಲ್ಲಿ ಬೆಲ್ಲವು ಹೊಂಬಣ್ಣಕ್ಕೆ ತಿರುಗಲೆಂದು ಹಾಕುವ ಹೈಡ್ರೋಸ್ ಎಂಬ ಪುಡಿಯೂ ಗಂಧಕದ್ದೇ. ಕಪ್ಪಗಿರುವ ಬೆಲ್ಲವು ಕೊಳಕೆಂದು ತಿಳಿದು ಬೆಳ್ಳಗಿರುವುದನ್ನು ಆರಿಸಿ ಕೊಳ್ಳುವವರು, ತಾವು ಹೆಚ್ಚು ಹಣ ಕೊಡುವುದು ಯಾವುದಕ್ಕೆ ಎಂಬುದನ್ನು ಆಲೋಚಿಸಬಹುದು.

ಅಮೋನಿಯವನ್ನು ಅರಿಯದ ರೈತರ ಮನೆಯಿಲ್ಲ. ಬೆಳಗ್ಗೆ ಕೊಟ್ಟಿಗೆಯ ಬಾಗಿಲನ್ನು ತೆರೆದಾಗ ಗಂಜಲದಿಂದ ಎದ್ದು ಕಣ್ಣಿನಲ್ಲಿ ನೀರು ತರಿಸುವುದು ಇದೇ. ಇದರ ಪರೀಕ್ಷೆಗೆ ಪ್ರಯೋಗಶಾಲೆಯು ಬೇಕಿಲ್ಲ. ಅರಿಸಿನವನ್ನು ಕದಡಿದ ನೀರಿನಲ್ಲಿ ಕಾಗದದ ಚೂರನ್ನು ಅದ್ದಿ, ಒದ್ದೆಯಾಗಿರುವಾಗಲೇ ಆ ಘಾಟಿನಲ್ಲಿ ಹಿಡಿದರೆ ಹಳದಿಯು ಕೆಂಪು-ಕಂದಿಗೆ ತಿರುಗುವುದು. ಅರಿಸಿನಕ್ಕೆ ಸುಣ್ಣವನ್ನು ಸೇರಿಸಿ ಕುಂಕುಮ ಮಾಡುವಲ್ಲಿ ನಡೆಯತಕ್ಕದ್ದೂ ಇದೇ ಮಾರ್ಪಾಟು. ಹಾಸನವು ಆಲೂಗೆಡ್ಡೆಗೆ ಹೆಸರಾದ ಜಿಲ್ಲೆ. ಪಂಜಾಬಿನ ಕಡೆಯಿಂದ ಬರುವ ಬಿತ್ತನೆಯ ಗೆಡ್ಡೆಯನ್ನು ಇಲ್ಲಿಯ ಶೀತಲಗೃಹಗಳಲ್ಲಿ ಇಟ್ಟು ಕಾಯುವರು. ನಮ್ಮ ದೇಶದ ಇಂತಹ ದೊಡ್ಡ ಶೀತಲಗೃಹಗಳನ್ನು ಬಹುಮಟ್ಟಿಗೆ ತಣ್ಣಗಿಡುವುದು ಅಮೋನಿಯವೇ: ಒತ್ತಡದಿಂದ ದ್ರವವಾಗಿದ್ದುದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುವುದು. ಕೊಳವೆಯು ಒಡೆದರೆ ಅಪಾಯವು ಸಣ್ಣದಲ್ಲ. ಆದರೂ ಈ ವಾಯುವು ಎರಡು ಉಪಕಾರಗಳನ್ನು ಮಾಡುವುದು. ಅದರ ಘಾಟು ಬಹಳ ಮುಂಚೆಯೇ ಎಚ್ಚರಿಸುವುದು. ಒಂದು ಪಾಲು ನೀರಿನಲ್ಲಿ ಸುಮಾರು ೭೦೦ ಪಾಲು ಅಮೋನಿಯವು ಕರಗುವುದರಿಂದ, ಒದ್ದೆ ಬಟ್ಟೆಯನ್ನು ಮೂಗುಬಾಯಿಗೆ ಹಿಡಿದು ಓಡಿದವನಿಗೆ ಸ್ವಲ್ಪ ರಕ್ಷೆಯು ದೊರೆಯುವುದು.

ವಾಸನೆಯನ್ನೇ ನಂಬಿ ಕೆಡುವ ಸಂದರ್ಭವೂ ಉಂಟು. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡು ಚರಂಡಿಗಳಲ್ಲಿಯೂ ಮಲದ ಗುಂಡಿಗಳಲ್ಲಿಯೂ ಹುಟ್ಟುವುದು. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಯ ಕಾಲ್ಗೆಜ್ಜೆಯು ಕಪ್ಪಗಾಗುವುದು ಗಾಳಿಯಲ್ಲಿ ಲವಲೇಶವಾಗಿರುವ ಇದರ ಕೈವಾಡದಿಂದಲೇ. ಇದರ ವಂಚನೆಯೇನೆಂದರೆ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ನೂರು ಪಾಲಿನಷ್ಟು ಸೇರಿದಾಗ ಮೂಗಿನ ಶಕ್ತಿಯೇ ಉಡುಗಿಹೋಗುವುದು. ನಾತವು ನಿಂತಿತು, ಇನ್ನು ಭಯವಿಲ್ಲ ಎಂದುಕೊಂಡವನು ಮೃತ್ಯುವಿನ ಬಾಯಲ್ಲಿರುವನು. ಮ್ಯಾನ್‌ಹೋಲುಗಳಿಗೆ ಇಳಿದು ಸತ್ತ ಬಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದವರಿಲ್ಲ. ಕೈಯಿಂದ ಮಲವನ್ನು ಬಾಚಿಸುವುದನ್ನೂ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸುವುದನ್ನೂ ೨೦೧೩ರ ಕಾನೂನು ನಿಷೇಧಿಸಿತು. ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ವಿಧಿಸಿ, ೨೦೨೩ರಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮನೆಯ ಗುಂಡಿಯು ತುಂಬಿದಾಗ ಯಂತ್ರವುಳ್ಳ ಗಾಡಿಯನ್ನು ಕರೆಯದೆ, ಕೂಲಿಯು ಅಗ್ಗವೆಂದು ಒಬ್ಬನನ್ನು ಇಳಿಸುವ ಯಜಮಾನನು ಕಾನೂನಿಗೂ ರಸಾಯನಶಾಸ್ತ್ರಕ್ಕೂ ಏಕಕಾಲದಲ್ಲಿ ತಪ್ಪಿನಡೆಯುವನು.

ಅಡುಗೆಯ ಅನಿಲಕ್ಕೆ ಇರುವ ವಾಸನೆಯು ಅದರ ಸ್ವಂತದ್ದಲ್ಲ, ಎರವಲು ತಂದುದು. ಸಿಲಿಂಡರಿನಲ್ಲಿರುವ ಪ್ರೊಪೇನು, ಬ್ಯುಟೇನುಗಳು ಬಹುಮಟ್ಟಿಗೆ ವಾಸನೆಯಿಲ್ಲದವು. ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೇಕೆಂದೇ ಬೆರೆಸಿರುವರು. ಇದರ ಹಿಂದೆ ಒಂದು ಶಾಲೆಯ ದುಃಖದ ಕಥೆಯುಂಟು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ನೆಲಮಾಳಿಗೆಯಲ್ಲಿ ಸೋರಿ ತುಂಬಿದ್ದ, ವಾಸನೆಯಿಲ್ಲದ ನೈಸರ್ಗಿಕ ಅನಿಲವು ೧೯೩೭ರ ಮಾರ್ಚಿ ೧೮ರ ಮಧ್ಯಾಹ್ನ ಸಿಡಿದು, ಸುಮಾರು ಮುನ್ನೂರು ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಅದಾದ ಮೇಲೆಯೇ ಅಲ್ಲಿ ಅನಿಲಕ್ಕೆ ವಾಸನೆಯನ್ನು ಬೆರೆಸಬೇಕೆಂಬ ಕಾನೂನು ಬಂದಿತು. ನಮ್ಮ ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮೇಲೆ ಹರಡಿ ನಿಲ್ಲುವುದು. ವಾಸನೆಯು ಬಂದೊಡನೆ ದೀಪದ ಸ್ವಿಚ್ಚನ್ನು ಮುಟ್ಟದೆ, ಸಿಲಿಂಡರಿನ ತಿರುಗಣಿಯನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಬಂದು ೧೯೦೬ ಎಂಬ ದೂರವಾಣಿ ಸಂಖ್ಯೆಗೆ ತಿಳಿಸತಕ್ಕದ್ದು.

ಇನ್ನು ಬಣ್ಣವೂ ಇಲ್ಲದ, ವಾಸನೆಯೂ ಇಲ್ಲದ, ಎರವಲು ವಾಸನೆಯನ್ನು ಬೆರೆಸುವವರೂ ಇಲ್ಲದ ಎರಡು ವಾಯುಗಳು. ಎರಡೂ ಇಂಗಾಲದ ಮಕ್ಕಳು.

ನಮ್ಮದು ರಾಗಿಯ ಸೀಮೆ. ರಾಗಿಯನ್ನು ವರ್ಷಾನುವರ್ಷ ಕೂಡಿಡುವುದಕ್ಕಾಗಿ ಹಿರಿಯರು ಹಗೇವುಗಳನ್ನು ತೋಡಿಸುತ್ತಿದ್ದರು. ಹಗೇವನ್ನು ಕಾಣದ ಈಗಿನ ಮಕ್ಕಳಿಗಾಗಿ ಎರಡು ಮಾತು. ಗಟ್ಟಿನೆಲದಲ್ಲಿ, ಒಬ್ಬ ಮನುಷ್ಯನು ಇಳಿಯುವಷ್ಟೇ ಕಿರಿದಾದ ಬಾಯಿಯನ್ನು ತೆಗೆದು, ಒಳಗೆ ಹೂಜಿಯ ಹೊಟ್ಟೆಯಂತೆ ಅಗಲವಾಗಿ ತೋಡಿ, ಸುತ್ತಲೂ ಹುಲ್ಲನ್ನು ಹೊದಿಸಿ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣನ್ನು ಮೆತ್ತುತ್ತಿದ್ದರು. ಹೀಗೆ ಇಟ್ಟ ರಾಗಿಯು ಅನೇಕ ವರ್ಷ ಹುಳು ಹಿಡಿಯದೆ ಉಳಿಯುತ್ತಿತ್ತು. ಬರಗಾಲದಲ್ಲಿ ಮನೆಗಳನ್ನು ಉಳಿಸಿದ್ದು ಅದೇ. ಉಳಿದುದಕ್ಕೆ ಕಾರಣವೇನು? ಕಾಳು ಸತ್ತ ವಸ್ತುವಲ್ಲ. ಅದೂ ಮೆಲ್ಲಗೆ ಉಸಿರಾಡುವುದು. ಅದರ ಜೊತೆಗೆ ಸೇರಿಹೋದ ಹುಳುಗಳೂ ಉಸಿರಾಡುವುವು. ಮುಚ್ಚಿದ ಗುಂಡಿಯಲ್ಲಿದ್ದ ಆಮ್ಲಜನಕವನ್ನೆಲ್ಲ ಹೀಗೆ ತಿಂದು ಮುಗಿಸಿ ಅದರ ಬದಲಿಗೆ ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ತುಂಬಿಬಿಡುವುವು. ಉಸಿರು ಕಟ್ಟಿ ಹುಳುಗಳು ಸಾಯುವುವು, ಕಾಳು ನಿದ್ರೆಹೋದಂತೆ ಇರುವುದು. ರಾಗಿಯನ್ನು ಕಾದ ಆ ಕಾವಲುಗಾರನೇ, ಬಾಯನ್ನು ತೆರೆದೊಡನೆ ಅವಸರದಿಂದ ಇಳಿದ ಒಡೆಯನನ್ನೂ ಹುಳುವಿನಂತೆಯೇ ಕೊಲ್ಲುವನು; ಅವನಿಗೆ ಗುರುತು ಪರಿಚಯವಿಲ್ಲ.

ಇಂಗಾಲಾಮ್ಲವು ಗಾಳಿಗಿಂತ ಒಂದೂವರೆಯಷ್ಟು ಭಾರ. ಆದುದರಿಂದ ಕಿರಿದಾದ ಬಾಯಿಯ ಮೂಲಕ ತಾನಾಗಿ ಮೇಲೇರಿ ಹೋಗದೆ, ಕೊಡದಲ್ಲಿ ನೀರು ನಿಲ್ಲುವಂತೆ ಹಗೇವಿನ ತಳದಲ್ಲಿ ನಿಲ್ಲುವುದು. ಹೊರಗಿನ ಗಾಳಿಯಲ್ಲಿ ಅದು ಹತ್ತು ಸಾವಿರಕ್ಕೆ ನಾಲ್ಕು ಪಾಲಿನಷ್ಟು ಮಾತ್ರ ಇರುವುದು. ನೂರಕ್ಕೆ ಹತ್ತು ಪಾಲಾದರೆ ಕೆಲವು ನಿಮಿಷಗಳಲ್ಲಿಯೇ ಪ್ರಜ್ಞೆಯು ತಪ್ಪುವುದು. ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ನಿಯೋಸ್ ಎಂಬ ಸರೋವರದ ತಳದಲ್ಲಿ ಕರಗಿದ್ದ ಈ ವಾಯುವು ೧೯೮೬ರ ಆಗಸ್ಟ್ ೨೧ರ ರಾತ್ರಿ ಒಮ್ಮೆಲೇ ಉಕ್ಕಿ ಕಣಿವೆಗಳಿಗೆ ಹರಿದು, ಸುಮಾರು ೧,೭೦೦ ಜನರು ಮಲಗಿದಲ್ಲಿಯೂ ನಡೆಯುತ್ತಿದ್ದಲ್ಲಿಯೂ ಸತ್ತರು.

ನಮ್ಮ ಹಳ್ಳಿಯ ಹಿರಿಯರು ಈ ವಾಯುವಿನ ಹೆಸರನ್ನು ಅರಿಯರು. ಆದರೆ ಅದರ ನಡತೆಯನ್ನು ಚೆನ್ನಾಗಿ ಅರಿತಿದ್ದರು. ಚಪ್ಪಡಿಯನ್ನು ಸರಿಸಿ ಬಹಳ ಹೊತ್ತು ಬಿಟ್ಟು, ಬಳಿಕ ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುವರು. ದೀಪವು ಆರಿದರೆ ಇಳಿಯಲಾಗದು. ಸೊಪ್ಪಿನ ಕೊಂಬೆಗಳ ಕಟ್ಟನ್ನು ಎತ್ತಿ ಇಳಿಸಿ ಒಳಗಿನ ಗಾಳಿಯನ್ನು ಕದಡಿ, ಮತ್ತೆ ದೀಪವನ್ನು ಇಳಿಸುವರು. ಸಾಧಾರಣವಾದ ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಆಮ್ಲಜನಕವಿರುವುದು. ಅದು ಸುಮಾರು ೧೬ಕ್ಕೆ ಇಳಿದಾಗ ದೀಪವು ಆರುವುದು, ಮನುಷ್ಯನಿಗೆ ಇನ್ನೂ ಸ್ವಲ್ಪ ಅವಕಾಶವಿರುವಾಗಲೇ. ಈ ಪದ್ಧತಿಯನ್ನು ಮೂಢನಂಬಿಕೆಯೆಂದೋ ಭೂತದ ಪರೀಕ್ಷೆಯೆಂದೋ ಹಾಸ್ಯಮಾಡಿದ ಓದುಬಲ್ಲವರು ಉಂಟು. ನನ್ನ ಅಭಿಪ್ರಾಯದಲ್ಲಿ ಅದು ಪ್ರಯೋಗಶಾಲೆಯ ಪರೀಕ್ಷೆಗೆ ಯಾವ ವಿಧದಲ್ಲಿಯೂ ಕಡಮೆಯಲ್ಲ. ಆದರೆ ಅದಕ್ಕೂ ಮೇರೆಯುಂಟು. ಸಗಣಿಯ ಅನಿಲದ ಗುಂಡಿ, ಮಲದ ಗುಂಡಿ, ಚರಂಡಿಗಳಲ್ಲಿ ಮೀಥೇನೆಂಬ ಉರಿಯುವ ವಾಯುವು ಇರುವುದರಿಂದ ಅಲ್ಲಿ ದೀಪವನ್ನು ಇಳಿಸಿದರೆ ಗುಂಡಿಯೇ ಸಿಡಿಯುವುದು.

ಈಗ ಹಗೇವುಗಳು ಬಹಳ ವಿರಳವಾಗಿವೆ. ಅವುಗಳ ಸ್ಥಾನದಲ್ಲಿ ಹಾಳುಬಾವಿಗಳೂ ಮುಚ್ಚಿದ ನೀರಿನ ತೊಟ್ಟಿಗಳೂ ಇವೆ. ವಾಯುವು ಮಾತ್ರ ಹಳೆಯದೇ. ಇಂತಹ ಕಡೆಗಳಲ್ಲಿ ಒಬ್ಬನಿಗೆ ನಿಂತುಹೋಗಬೇಕಾದ ಸಾವು ಮೂವರನ್ನು ತೆಗೆದುಕೊಳ್ಳುವುದು ಹೇಗೆಂಬುದನ್ನು ಎಲ್ಲರೂ ತಿಳಿದಿರತಕ್ಕದ್ದು. ಮೊದಲು ಇಳಿದವನು ಬೀಳುವನು. ಅಣ್ಣ ಬಿದ್ದನೆಂದು ತಮ್ಮನು ಇಳಿಯುವನು. ಮಗನ ಕೂಗನ್ನು ಕೇಳಿ ತಂದೆಯು ಇಳಿಯುವನು. ಪ್ರೀತಿಯೇ ಇಲ್ಲಿ ಕೊಲ್ಲುವುದು. ಬಿದ್ದವನನ್ನು ಮೇಲಿನಿಂದಲೇ ಹಗ್ಗ ಹಾಕಿ ಎಳೆಯಲು ಸಾಧ್ಯವಾದರೆ ಎಳೆಯಬೇಕು. ಇಲ್ಲವಾದರೆ ೧೧೨ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಇಳಿಯಲು ಹೊರಟವನನ್ನು ಹಿಡಿದು ನಿಲ್ಲಿಸುವ ಕೆಲಸವು ಆ ಮನೆಯ ಹೆಂಗಸರ ಪಾಲಿಗೆ ಬರುವುದುಂಟು. ಅಳುತ್ತಲಾದರೂ ಅದನ್ನು ಮಾಡಲೇಬೇಕು.

ಎರಡನೆಯದು ಇಂಗಾಲದ ಮಾನಾಕ್ಸೈಡು. ಇಂಗಾಲವು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುವ ಅರೆಬೆಂದ ವಾಯು ಇದು. ಇದಕ್ಕೆ ಬಣ್ಣವಿಲ್ಲವಾದರೂ ಇದು ಉರಿಯುವಾಗ ಅದರ ಉರಿಗೆ ಬಣ್ಣವುಂಟು. ಇದ್ದಿಲಿನ ಕೆಂಡದ ಮೇಲೆ ಕುಣಿಯುವ ಪುಟ್ಟ ನೀಲಿಯ ನಾಲಿಗೆಗಳನ್ನು ನೀವೆಲ್ಲರೂ ನೋಡಿರುವಿರಿ. ಆ ನೀಲಿಯು ಕಾಣುತ್ತಿರುವಾಗ ವಾಯುವು ಸುಟ್ಟುಹೋಗುತ್ತಿದೆಯೆಂದು ಅರ್ಥ. ನೀಲಿಯು ಅಡಗಿ, ಕೆಂಡವು ಬೂದಿಯನ್ನು ಹೊದ್ದು ಮಲಗಿದಾಗ, ಹೊಗೆಯೂ ಇಲ್ಲವೆಂದು ನಾವು ನಿಶ್ಚಿಂತೆಯಿಂದಿರುವಾಗ, ಅದು ಸುಡದೆ ಕೋಣೆಯೊಳಗೆ ಹರಡುತ್ತಿರುವುದು.

ನಮ್ಮಲ್ಲಿ ಬಾಣಂತಿಯನ್ನು ಬೆಚ್ಚಗಿಡುವ ಕ್ರಮವು ಎಲ್ಲರಿಗೂ ತಿಳಿದುದೇ. ಮಾಗಿಯ ಚಳಿ ಮನೆಯನ್ನು ಹೊಕ್ಕಾಗ ಕಿಟಕಿಯನ್ನು ಮುಚ್ಚಿ, ಸಂದುಗಳಿಗೆ ಬಟ್ಟೆಯನ್ನು ತುರುಕಿ, ಮಂಚದ ಬಳಿಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು, ಕೂಸಿನ ತಲೆಗೂದಲಿಗೆ ಸಾಂಬ್ರಾಣಿಯ ಹೊಗೆಯನ್ನು ಕೊಡುವರು. ಮಮತೆಯಿಂದ ಮಾಡಿದ ಈ ಏರ್ಪಾಟಿನಲ್ಲಿ ಮಾನಾಕ್ಸೈಡಿಗೆ ಬೇಕಾದುದೆಲ್ಲವೂ ಒದಗಿರುವುದು: ಮುಚ್ಚಿದ ಕೋಣೆ, ಮಂದವಾದ ಕೆಂಡ, ಎದ್ದು ಓಡಲಾರದ ಇಬ್ಬರು. ಬಾಣಂತಿಗೆ ತಲೆನೋವು, ಓಕರಿಕೆ, ಮಂಪರು ಬಂದರೆ ಶೀತವಾಯಿತೆಂದು ಭಾವಿಸಿ ಅಜ್ಜಿಯು ಇನ್ನೊಂದು ಹಿಡಿ ಇದ್ದಿಲನ್ನು ಹಾಕುವಳು.

ಈ ವಾಯುವು ಕೊಲ್ಲುವ ಬಗೆಯೇ ಬೇರೆ. ಇಂಗಾಲಾಮ್ಲವು ಉಸಿರು ಕಟ್ಟಿಸುವುದು, ತಿಣುಕಾಡುವಂತೆ ಮಾಡುವುದು. ಮಾನಾಕ್ಸೈಡು ಹಾಗೆ ಮಾಡದು. ನಮ್ಮ ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹೊತ್ತು ಮೈಯೆಲ್ಲ ತಿರುಗುವುದಷ್ಟೆ. ಅದಕ್ಕೆ ಆಮ್ಲಜನಕದ ಮೇಲಿರುವ ಒಲವಿಗಿಂತ ಈ ವಾಯುವಿನ ಮೇಲೆ ಇನ್ನೂರು ಮಡಿಗೂ ಹೆಚ್ಚಿನ ಒಲವುಂಟು. ಹೀಗಾಗಿ ಸಾವಿರ ಪಾಲು ಗಾಳಿಯಲ್ಲಿ ಒಂದು ಪಾಲಿದ್ದರೂ ಅದು ಮೆಲ್ಲಮೆಲ್ಲನೆ ರಕ್ತದ ಅರ್ಧದಷ್ಟನ್ನು ಆಕ್ರಮಿಸಿಕೊಳ್ಳಬಲ್ಲದು. ಉಸಿರಾಟವು ನಡೆಯುತ್ತಲೇ ಇರುವುದು, ಎದೆಯು ಏರಿ ಇಳಿಯುತ್ತಲೇ ಇರುವುದು, ಒಳಗೆ ಪ್ರಾಣವಾಯುವು ತಲಪುತ್ತಿರುವುದಿಲ್ಲ. ಇದು ಕೂಡಿದ ರಕ್ತವು ಹೊಳೆಯುವ ಕೆಂಪಾಗುವುದರಿಂದ, ಸತ್ತವರ ಕೆನ್ನೆಗಳಲ್ಲಿ ಆರೋಗ್ಯದ ರಂಗು ಕಾಣುವುದೂ ಉಂಟು. ಹಗೇವಿನ ದೀಪವು ಇಲ್ಲಿ ಉಪಯೋಗಕ್ಕೆ ಬಾರದು. ಮನುಷ್ಯನನ್ನು ಕೊಲ್ಲುವಷ್ಟು ಮಾನಾಕ್ಸೈಡಿನ ನಡುವೆಯೂ ದೀಪವು ಚೆನ್ನಾಗಿಯೇ ಉರಿಯುತ್ತಿರುವುದು. ಬ್ರಿಟನ್ನಿನ ಹಾಲ್ಡೇನ್ ಎಂಬ ವಿಜ್ಞಾನಿಯು ೧೮೯೦ರ ದಶಕದಲ್ಲಿ ಇದನ್ನು ಕಂಡುಕೊಂಡು, ಗಣಿಗಳಿಗೆ ದೀಪದ ಜೊತೆಗೆ ಸಣ್ಣ ಪ್ರಾಣಿಗಳನ್ನೂ ಒಯ್ಯಬೇಕೆಂದು ಸೂಚಿಸಿದನು. ಮನುಷ್ಯನಿಗಿಂತ ಬೇಗನೆ ಉಸಿರಾಡುವ ಕೆನೇರಿ ಹಕ್ಕಿಯು ಮೊದಲು ಬಿದ್ದು ಎಚ್ಚರಿಸುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳ ಕೆಲಸವನ್ನು ಯಂತ್ರಗಳಿಗೆ ವಹಿಸಿದುದು ೧೯೮೬ರಲ್ಲಿ.

ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಒಲೆಯ ಹೊಗೆಯನ್ನು ಕೊಳವೆಗಳ ಮೂಲಕ ಹಾಯಿಸಿ ಹೊರಕ್ಕೆ ಬಿಡುವರು. ಶಾಖವು ಮಾತ್ರ ಎಲೆಗೆ ತಟ್ಟಬೇಕೆಂಬುದು ಉದ್ದೇಶ. ಆದರೆ ತುಕ್ಕು ಹಿಡಿದು ತೂತಾದ ಕೊಳವೆಯು ಎಲೆಯನ್ನು ಕೆಡಿಸುವುದಲ್ಲದೆ ಒಳಹೊಕ್ಕವನ ಪ್ರಾಣಕ್ಕೂ ಎರವಾಗುವುದು. ಬಾವಿಯೊಳಕ್ಕೆ ಇಳಿಸಿ ನಡೆಸುವ ಎಣ್ಣೆಯ ಎಂಜಿನ್ನು, ಮುಚ್ಚಿದ ಕೋಣೆಯಲ್ಲಿಟ್ಟ ಜನರೇಟರು ಇವೂ ಅದೇ ಜಾತಿಯವು. ಪಟ್ಟಣದ ಮನೆಗಳಲ್ಲಿ ಬಾಣಂತಿಯ ಅಗ್ಗಿಷ್ಟಿಕೆಯ ಸ್ಥಾನವನ್ನು ಈಗ ಅನಿಲದ ಗೀಸರು ಹಿಡಿದಿದೆ. ಚಳಿಯೆಂದು ಗವಾಕ್ಷಿಯನ್ನು ಮುಚ್ಚಿಕೊಂಡು ಸ್ನಾನಕ್ಕೆ ನಿಂತ ಯುವತಿಯು ಬಚ್ಚಲಿನಲ್ಲಿಯೇ ಕುಸಿದುಬಿದ್ದ ಸಂಗತಿಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಜೋಡಿಸಿ ನೀರನ್ನು ಮಾತ್ರ ಒಳಕ್ಕೆ ತರುವುದು ಸುಲಭವಾದ ಉಪಾಯ. ಬಾಣಂತಿಯ ಕೋಣೆಯಲ್ಲಿ ಕೆಂಡವನ್ನು ಇಡಲೇಬೇಕೆಂಬ ಹಿರಿಯರಿದ್ದರೆ, ಅದು ಹೊರಗೆ ಚೆನ್ನಾಗಿ ಉರಿದು ನಿಗಿನಿಗಿಯಾದ ಮೇಲೆ ಒಳಕ್ಕೆ ತಂದು, ಕೋಣೆಯು ಬೆಚ್ಚಗಾದೊಡನೆ ಹೊರಕ್ಕೊಯ್ಯಬೇಕು. ಕಿಟಕಿಯನ್ನು ಆದ್ಯಂತವಾಗಿ ತೆರೆದಿರಬೇಕು. ಬಾಣಂತಿಯೂ ಕೂಸೂ ನಿದ್ರಿಸುವಾಗ ಕೆಂಡವು ಒಳಗಿರಲೇಕೂಡದು.

ಈ ವಾಯುವಿನಿಂದ ಒಬ್ಬರು ಮೂರ್ಛೆಹೋದರೆ ನೀರೆರಚುತ್ತಲೂ ಈರುಳ್ಳಿಯನ್ನು ಮೂಸಿಸುತ್ತಲೂ ಕಾಲ ಕಳೆಯದೆ, ಬಾಗಿಲುಗಳನ್ನು ತೆರೆದು, ಹೊತ್ತು ಬಯಲಿಗೆ ತಂದು, ಆಸ್ಪತ್ರೆಗೆ ಸಾಗಿಸತಕ್ಕದ್ದು. ಎಚ್ಚರವಾಯಿತೆಂದು ಮನೆಯಲ್ಲಿಯೇ ಮಲಗಿಸುವುದೂ ಸರಿಯಲ್ಲ. ರಕ್ತದಲ್ಲಿ ಸೇರಿದ ಮಾನಾಕ್ಸೈಡಿನ ಅರ್ಧಭಾಗವು ಹೊರಹೋಗುವುದಕ್ಕೆ ಬರಿಯ ಗಾಳಿಯಲ್ಲಿ ನಾಲ್ಕೈದು ಗಂಟೆಗಳಾಗುವುವು. ಆಸ್ಪತ್ರೆಯಲ್ಲಿ ಕೊಡುವ ಶುದ್ಧ ಆಮ್ಲಜನಕದಿಂದ ಅದು ಒಂದೂವರೆ ಗಂಟೆಗಿಂತ ಕಡಮೆಯ ಕೆಲಸ.